ಹಡ್ ಮನೆ ಕೊಂಡೆವು: ರಿಪೇರಿಗೆ ಯಾವ ಸಾಲ ಒಳ್ಳೆಯದು?

2025ರಲ್ಲಿ ಒಹಾಯೊದ ಡೇಟನ್‌ನಲ್ಲಿ ನಾವು ಒಂದು ಹಡ್ ಮನೆ ಕೊಂಡೆವು. ಮನೆಗೆ 86,000 ಡಾಲರ್, ರಿಪೇರಿಗೆ 52,000. ಆ ಒಂದು ಮನೆಗೇ ಮೂರು ಬಗೆಯ ರಿಪೇರಿ ಸಾಲ ವಿಚಾರಿಸಿ, ಎರಡಕ್ಕೆ ಅರ್ಜಿ ಹಾಕಿ, ಒಂದರಲ್ಲಿ ಕೆಲಸ ಮುಗಿಸಿದೆವು. ಇಲ್ಲಿನ ಕನ್ನಡದ ಗೆಳತಿಯರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹಡ್ ಅಂದರೆ ಅಮೆರಿಕ ಸರ್ಕಾರದ ವಸತಿ ಇಲಾಖೆ. ಮನೆ ಸಾಲಗಳಿಗೆ ವಿಮೆ ಕೊಡುವ ಅದರ ವಿಭಾಗ ಎಫ್‌ಎಚ್‌ಎ. ಈ ಎಫ್‌ಎಚ್‌ಎ ವಿಮೆ ಇರುವ ಸಾಲ ತೆಗೆದವರು ಕಂತು ಕಟ್ಟಲಾಗದೆ ಹೋದರೆ ಬ್ಯಾಂಕು ಮನೆ ಜಪ್ತಿ ಮಾಡುತ್ತದೆ. ಹಡ್‌ನಿಂದ ವಿಮೆ ಹಣ ಪಡೆದು ಮನೆಯನ್ನು ಅದರ ಕೈಗೆ ಒಪ್ಪಿಸುತ್ತದೆ. ಹಡ್ ಅದನ್ನು ಹಡ್ ಹೋಮ್ ಸ್ಟೋರ್ ಎಂಬ ತಾಣದಲ್ಲಿ ಮಾರಾಟಕ್ಕಿಡುತ್ತದೆ. ಬಿಡ್ ನಾವೇ ಹಾಕುವಂತಿಲ್ಲ, ಹಡ್‌ನಲ್ಲಿ ನೋಂದಾಯಿಸಿದ ಬ್ರೋಕರ್ ಮೂಲಕವೇ ಹಾಕಬೇಕು. ಮೊದಲ ಸರದಿ ವಾಸಕ್ಕೆ ಕೊಳ್ಳುವವರದು, ಬಾಡಿಗೆಗೆ ಬಿಡೋಕೆ ಕೊಳ್ಳುವವರು ಆಮೇಲೆ. ವಾಸಕ್ಕೆ ಅಂತ ಕೊಂಡರೆ ಕನಿಷ್ಠ 12 ತಿಂಗಳು ಅಲ್ಲೇ ಇರಬೇಕು. ಮನೆ ಹೇಗಿದೆಯೋ ಹಾಗೇ ಮಾರಾಟ, ಒಂದು ಮೊಳೆ ಕೂಡ ಹೊಡೆದುಕೊಡುವುದಿಲ್ಲ.

ನಾವು ಮೊದಲ ಸಲ ನೋಡಲು ಹೋದಾಗ ಒಳಗೆ ಹೊರಗಿಗಿಂತ ಜಾಸ್ತಿ ಚಳಿ. ಪೈಪುಗಳ ನೀರೆಲ್ಲ ಖಾಲಿ ಮಾಡಿದ್ದರು. ಕಮೋಡ್ ಮುಚ್ಚಳಕ್ಕೆ ಟೇಪ್ ಸುತ್ತಿ ಚೀಟಿ ಅಂಟಿಸಿದ್ದರು. ಟೇಪ್ ಸಂದಿಯಲ್ಲಿ ಇಣುಕಿದರೆ ತಳದಲ್ಲಿ ಗುಲಾಬಿ ಬಣ್ಣದ ದ್ರವ, ನೀರು ಹೆಪ್ಪುಗಟ್ಟಿ ಪಿಂಗಾಣಿ ಒಡೆಯದಿರಲಿ ಅಂತ. ಹೀಗೆ ಮುಚ್ಚಿಟ್ಟ ಮನೆಯಲ್ಲಿ ನಲ್ಲಿ ತಿರುಗಿಸಿ ನೋಡೋಕೂ ಆಗಲ್ಲ. ಅದಕ್ಕೆ ಮೊದಲೇ ಅನುಮತಿ ಕೇಳಬೇಕು.

ಪಟ್ಟಿಯಲ್ಲಿ ಪ್ರತಿ ಮನೆಗೂ ಒಂದು ಗುರುತು ಇರುತ್ತದೆ. ಐಎನ್ ಅಂದರೆ ಮಾಮೂಲಿ ಎಫ್‌ಎಚ್‌ಎ ಸಾಲ ಸಿಗುವ ಮನೆ. ಐಇ ಅಂದರೆ 10,000 ಡಾಲರ್ ಒಳಗಿನ ರಿಪೇರಿ, ಆ ಹಣವನ್ನು ಸಾಲದಲ್ಲೇ ಸೇರಿಸಿ ಪಕ್ಕಕ್ಕಿಡುತ್ತಾರೆ. ಅಂಥದ್ದೊಂದು ಮನೆಗೆ ಬಿಡ್ ಹಾಕಿದ್ದೆವು, ಸಿಗಲಿಲ್ಲ. ನಮಗೆ ಸಿಕ್ಕಿದ್ದು ಯುಐ, ಅಂದರೆ ಮಾಮೂಲಿ ಸಾಲಕ್ಕೆ ಲಾಯಕ್ಕಿಲ್ಲದ್ದು. ಮನೆ ಬೆಲೆ ಮತ್ತು ರಿಪೇರಿ ಎರಡನ್ನೂ ಒಂದೇ ಸಾಲದಲ್ಲಿ ಕೊಡುವ, ಎಫ್‌ಎಚ್‌ಎಯದೇ ಆದ 203ಕೆ ಇರುವುದು ಇಂಥ ಮನೆಗಳಿಗೇ.

203ಕೆಯಲ್ಲಿ ಲಿಮಿಟೆಡ್, ಸ್ಟ್ಯಾಂಡರ್ಡ್ ಅಂತ ಎರಡು ಬಗೆ. ನಾವು ಶುರು ಮಾಡಿದ್ದು ಲಿಮಿಟೆಡ್‌ನಲ್ಲಿ. ಅದರಲ್ಲಿ ರಿಪೇರಿ ಖರ್ಚಿನ ಮಿತಿ ಮೊದಲು 35,000 ಇತ್ತು, 2024ರ ನವೆಂಬರ್‌ನಿಂದ 75,000 ಡಾಲರ್ ಆಗಿದೆ. ನಮ್ಮ ಲೆಕ್ಕ ಆರಾಮವಾಗಿ ಅದರೊಳಗೆ ಬರುತ್ತಿತ್ತು. ಕಾಗದಪತ್ರ ಕಡಿಮೆ, ಕೆಲಸ ಪರಿಶೀಲಿಸುವ ಕನ್ಸಲ್ಟೆಂಟ್ ಕಡ್ಡಾಯವಲ್ಲ, ಗುತ್ತಿಗೆದಾರರ ಅಂದಾಜುಪಟ್ಟಿ ಕೊಟ್ಟರೆ ಬ್ಯಾಂಕು ಮುಂದುವರಿಯುತ್ತದೆ. ಫರ್ನೇಸ್, ಬಿಸಿನೀರಿನ ಟ್ಯಾಂಕ್, ಚಾವಣಿ, ಅಡುಗೆಮನೆ, ಎಲ್ಲಕ್ಕೂ ಅಂದಾಜು ತರಿಸಿ ಕೊಟ್ಟೆವು.

ಅಷ್ಟರಲ್ಲಿ ನಾವು ದುಡ್ಡು ಕೊಟ್ಟು ಕರೆಸಿದ್ದ ಇನ್‌ಸ್ಪೆಕ್ಟರ್, ಬೇಸ್‌ಮೆಂಟಿನ ಮರದ ಪ್ಯಾನಲ್ ಹಿಂದೆ ಟಾರ್ಚ್ ಬಿಟ್ಟರು. ಇಟ್ಟಿಗೆ ಸಾಲುಗಳ ನಡುವೆ ಗೋಡೆಯುದ್ದಕ್ಕೂ ಬಿರುಕು. ಇಲ್ಲಿನ ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಚಳಿಗೆ ಗಟ್ಟಿಯಾಗಿ ಗೋಡೆಯನ್ನು ಒಳಕ್ಕೆ ನೂಕುತ್ತದೆ. ಲಿಮಿಟೆಡ್‌ನಲ್ಲಿ ಕಟ್ಟಡದ ಆಧಾರಕ್ಕೆ ಸಂಬಂಧಿಸಿದ ರಿಪೇರಿ ಮಾಡುವಂತಿಲ್ಲ. ಐದು ಸಾವಿರದ ಕೆಲಸ ಆದರೂ ಇಲ್ಲ. ಆರು ವಾರದ ಓಡಾಟ ಅಲ್ಲಿಗೇ ನಿಂತಿತು.

ಅದೇ ಬ್ಯಾಂಕಿನಲ್ಲಿ ಸ್ಟ್ಯಾಂಡರ್ಡ್‌ಗೆ ಬದಲಾಯಿಸಿದೆವು. ಖರೀದಿ ಮುಗಿಸಲು ಹಡ್ ಕೊಟ್ಟ ಗಡುವು ದಾಟಿತು. ದಿನಕ್ಕೆ 25 ಡಾಲರ್ ಲೆಕ್ಕದಲ್ಲಿ 15 ದಿನಕ್ಕೆ 375 ಡಾಲರ್ ಕಟ್ಟಿ ಮುಂದೂಡಿಸಿಕೊಂಡೆವು. ಎರಡು ಸಲ. ಮೊದಲ ದಿನವೇ ಬೇಸ್‌ಮೆಂಟ್ ನೋಡಿಸಿದ್ದರೆ ಈ 750 ಡಾಲರ್ ಉಳಿಯುತ್ತಿತ್ತು. ನೀವು ದಯವಿಟ್ಟು ಸಾಲದ ಅರ್ಜಿಗೆ ಮೊದಲು ಅಡಿಪಾಯ ನೋಡಿಸಿ.

ಸ್ಟ್ಯಾಂಡರ್ಡ್‌ನಲ್ಲಿ ಹಡ್ ಒಪ್ಪಿದ ಕನ್ಸಲ್ಟೆಂಟ್ ಇರಲೇಬೇಕು. ನಮ್ಮಲ್ಲಿಗೆ ಬಂದವರು ವಯಸ್ಸಾದವರು, ಮಾತು ಕಮ್ಮಿ. ಪ್ಯಾನಲ್ ಕಿತ್ತು, ಗೋಡೆಯ ಎರಡು ಮೂಲೆಗೂ ಮೊಳೆ ಹೊಡೆದು ನೂಲು ಬಿಗಿದು ಕಟ್ಟಿದರು. ಒಂದೊಂದು ಅಡಿಗೂ ಟೇಪ್ ಹಿಡಿದು ಅಳೆದರು. ನಡುವೆ ಗೋಡೆ ಎರಡು ಇಂಚು ಒಳಗೆ ಬಂದಿತ್ತು. ಹಾಸನದಲ್ಲಿ ಅಪ್ಪ ಮನೆ ಕಟ್ಟಿಸುವಾಗ ನಮ್ಮ ಮೇಸ್ತ್ರಿ ಹೀಗೇ ದಾರ ಹಿಡಿದು ನೋಡುತ್ತಿದ್ದರು. ಅವತ್ತು ನನಗೆ ನಿಜವಾಗಿ ಧೈರ್ಯ ಬಂತು. ಗೋಡೆಗೆ ಉಕ್ಕಿನ ಬೀಮುಗಳು ಅಂತ ತೀರ್ಮಾನವಾಯಿತು. ಪ್ರತಿ ಕೆಲಸವನ್ನೂ ಬೆಲೆ ಸಮೇತ ಬಿಡಿಬಿಡಿಯಾಗಿ ಅವರೇ ಬರೆದುಕೊಟ್ಟರು. ಇದಕ್ಕೆ ಸಾವಿರ ಡಾಲರ್ ಆಸುಪಾಸು ಫೀಸು. ಆಮೇಲೆ ಕೆಲಸ ನೋಡಲು ಬಂದಾಗಲೆಲ್ಲ ಬೇರೆ.

ಜಾಸ್ತಿ ಆಯ್ತು ಅನ್ನಿಸುತ್ತೆ, ಅಲ್ವಾ? ನನ್ನ ತಮ್ಮನ ಕಥೆ ಕೇಳಿ. ಅವನು ಇದೇ ಊರಲ್ಲಿ ಲಿಮಿಟೆಡ್‌ನಲ್ಲೇ ಮನೆ ಮಾಡಿಕೊಂಡ. ಅದರಲ್ಲಿ ಒಬ್ಬ ಗುತ್ತಿಗೆದಾರನಿಗೆ ಸಾಮಾನ್ಯವಾಗಿ ಎರಡೇ ಸಲ ಹಣ: ಶುರುವಿನಲ್ಲಿ ಒಂದು ಪಾಲು, ಮುಗಿದ ಮೇಲೆ ಉಳಿದದ್ದು. ಅವನ ಗುತ್ತಿಗೆದಾರ ಮೊದಲ ಪಾಲು ತಗೊಂಡು, ಬಚ್ಚಲುಮನೆ ಕಿತ್ತುಹಾಕಿ, ಏಳು ವಾರ ಪತ್ತೆಯಿಲ್ಲ. ಫೋನ್ ಮಾಡಿ ಕೂಗಾಡಿದ್ದು, ಬ್ಯಾಂಕಿಗೆ ಪತ್ರ ಬರೆದಿದ್ದು ಎಲ್ಲ ಅವನೇ. ಅವನ ಪರವಾಗಿ ನಿಲ್ಲೋಕೆ ಯಾರೂ ಇರಲಿಲ್ಲ.

ನಮ್ಮಲ್ಲಿ ಹಣ ಐದು ಕಂತಿನಲ್ಲಿ ಬಿಡುಗಡೆಯಾಯಿತು. ಪ್ರತಿ ಸಲ ಕನ್ಸಲ್ಟೆಂಟ್ ನೋಡಿ ಸಹಿ ಹಾಕಬೇಕು. ಹಾಕಿದರೂ 10% ಹಿಡಿದಿಟ್ಟುಕೊಳ್ಳುತ್ತಾರೆ. ಮೂರನೇ ಕಂತಿಗೆ ಗುತ್ತಿಗೆದಾರ ಗೋಡೆಹಲಗೆ ಹಾಕಿದ್ದಕ್ಕೆ ಹಣ ಕೇಳಿದ. ಒಳಗಿನ ವೈರಿಂಗ್‌ಗೆ ನಗರದವರ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಕನ್ಸಲ್ಟೆಂಟ್ ಸಹಿ ಹಾಕದೆ ಹೊರಟುಹೋದರು. ವೈರಿಂಗ್ ಗೊತ್ತಿಲ್ಲದ ನಾನು ಅದನ್ನು ಹೇಗೆ ಕಂಡುಹಿಡಿಯಬೇಕಿತ್ತು?

ಇನ್ನೂ ಒಂದು ದೊಡ್ಡ ಅನುಕೂಲ. ಮನೆಯಲ್ಲಿ ವಾಸ ಮಾಡಲು ಆಗದಷ್ಟು ದಿನ ಕಟ್ಟಬೇಕಾದ ಸಾಲದ ಕಂತನ್ನೂ ಸ್ಟ್ಯಾಂಡರ್ಡ್‌ನಲ್ಲಿ ಸೇರಿಸಬಹುದು. ನಾವು ನಾಲ್ಕು ತಿಂಗಳಿನದ್ದು ಸೇರಿಸಿದೆವು. ಇಲ್ಲದಿದ್ದರೆ ಅಪಾರ್ಟ್‌ಮೆಂಟ್ ಬಾಡಿಗೆ, ಹೊಸ ಸಾಲ ಎರಡನ್ನೂ ಒಟ್ಟಿಗೆ ಕಟ್ಟೋಕೆ ನಮ್ಮಿಂದ ಆಗುತ್ತಿರಲಿಲ್ಲ. ಅನಿರೀಕ್ಷಿತ ಖರ್ಚಿಗೆ ಅಂತ ರಿಪೇರಿ ಮೊತ್ತದ 15% ಬೇರೆ ಎತ್ತಿಟ್ಟರು. ಎಲ್ಲ ಸೇರಿಸಿ 3.5% ಮುಂಗಡ, 5,300 ಡಾಲರ್ ಆಸುಪಾಸು.

ಮೂರನೆಯ ಸಾಲ, ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ಹೋಮ್‌ಸ್ಟೈಲ್. ಇದು ಎಫ್‌ಎಚ್‌ಎ ಅಲ್ಲ. ಬೇರೆ ಬ್ಯಾಂಕಿನಲ್ಲಿ ಲೆಕ್ಕ ಹಾಕಿಸಿದೆವು. ಎಫ್‌ಎಚ್‌ಎಯಲ್ಲಿ ಶುರುವಿಗೇ ಸಾಲದ 1.75% ವಿಮೆ, ಆಮೇಲೆ ವರ್ಷಕ್ಕೆ 0.55%. ನಮಗೆ ತಿಂಗಳಿಗೆ 66 ಡಾಲರ್ ಬೀಳುತ್ತಿದೆ. 3.5% ಮುಂಗಡ ಕೊಟ್ಟವರಿಗೆ ಈ ವಿಮೆ ಸಾಲ ಇರುವವರೆಗೂ ತಪ್ಪಲ್ಲ. ಹೋಮ್‌ಸ್ಟೈಲ್‌ನಲ್ಲಿ ಶುರುವಿನ ಆ 1.75% ಇಲ್ಲ, ಮನೆಯಲ್ಲಿ ನಮ್ಮ ಪಾಲು 20% ತಲುಪಿದರೆ ವಿಮೆ ತೆಗೆಸಬಹುದು. ಈಜುಕೊಳದಂಥವನ್ನೂ ಒಪ್ಪುತ್ತಾರೆ, 203ಕೆಯಲ್ಲಿ ಹೊಸ ಈಜುಕೊಳಕ್ಕೆ ಜಾಗವಿಲ್ಲ. ಆದರೆ ಇದರ ವಿಮೆ ದರ ಕ್ರೆಡಿಟ್ ಸ್ಕೋರ್ ಮೇಲೆ ನಿಂತಿದೆ. ನಮ್ಮದು ಅಷ್ಟೇನೂ ಚೆನ್ನಾಗಿರಲಿಲ್ಲ, ತಿಂಗಳಿಗೆ 118 ಅಂದರು. ಅದಕ್ಕೇ ಬಿಟ್ಟೆವು. ಸ್ಕೋರ್ ಚೆನ್ನಾಗಿದ್ದು, ಗೋಡೆ ನೆಟ್ಟಗಿದ್ದಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ.

ಎಚ್‌-1ಬಿಯಲ್ಲಿ ಇರುವವರಿಗಂತೂ ಈಗ ಎಫ್‌ಎಚ್‌ಎ ದಾರಿಯೇ ಇಲ್ಲ. 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದ ವೀಸಾದವರಿಗೆ ಎಫ್‌ಎಚ್‌ಎ ಸಾಲ ನಿಂತಿದೆ, ಹಾಗಾಗಿ 203ಕೆಯೂ ಇಲ್ಲ. ಫ್ಯಾನಿ ಮೇ ನಿಯಮದಲ್ಲಿ ಅವರಿಗೆ ಅವಕಾಶವಿದೆ. ನೀವು ಆ ವೀಸಾದಲ್ಲಿದ್ದರೆ ಮೇಲಿನದ್ದೆಲ್ಲ ಬಿಟ್ಟು ನೇರ ಹೋಮ್‌ಸ್ಟೈಲ್ ಕೊಡುವ ಬ್ಯಾಂಕು ಹುಡುಕಿ.

ನಮ್ಮ ಕೆಲಸ ಮುಗಿಯುವ ಹೊತ್ತಿಗೆ ಬೇಸ್‌ಮೆಂಟ್ ಮೆಟ್ಟಿಲಿನ ಕೈಹಿಡಿ ಒಂದು ಬಾಕಿ ಉಳಿದಿತ್ತು. ಗುತ್ತಿಗೆದಾರ ಬೇರೆ ಕಡೆ ಕೆಲಸ ಹಿಡಿದಿದ್ದ. ಮುಂದಿನ ತಿಂಗಳು ಬರ್ತೀನಿ ಅಂದ. ಪಟ್ಟಿಯಲ್ಲಿ ಕೈಹಿಡಿ ಇದೆ, ಹಾಕದೆ ಕೊನೆಯ ಸಹಿ ಇಲ್ಲ ಅಂತ ಕನ್ಸಲ್ಟೆಂಟ್ ಹೇಳಿದರು. ಹಿಡಿದಿಟ್ಟಿದ್ದ 10%, ಅಂದರೆ 5,200 ಡಾಲರ್ ಅವನಿಗೆ ಬರಬೇಕಿತ್ತು. ಶನಿವಾರ ಬೆಳಿಗ್ಗೆ ಏಳೂವರೆಗೆ, ನಾವಿನ್ನೂ ಕಾಫಿ ಸೋಸುತ್ತಿದ್ದೆವು, ಡ್ರಿಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ.