ಮ್ಯಾಂಗೋಸ್ಟೀನ್ ಕೊಯ್ಲಿಗೆ ಬಲೆಚೀಲದ ದೋಟಿ: ಚೀಲ ಸರಿಮಾಡಿಕೊಂಡರೆ ಒಳ್ಳೆಯದು

ಕೃಷಿ ಸಲಕರಣೆ ಅಂಗಡಿಗಳಲ್ಲಿ ಸಿಗುವ ಅಲ್ಯೂಮಿನಿಯಂ ದೋಟಿಯ ತುದಿಗೆ ಹಲ್ಲಿರುವ ಬಳೆ, ಅದರಡಿಗೆ ನೈಲಾನ್ ಬಲೆಚೀಲ ಇರುತ್ತದೆ. ಮಾವು, ಚಿಕ್ಕು ಕೊಯ್ಯಲು ಹೇಳಿ ಮಾಡಿಸಿದ ಸಾಧನ. ಮ್ಯಾಂಗೋಸ್ಟೀನಿಗೆ ಅದನ್ನು ತಂದ ಹಾಗೆಯೇ ಬಳಸಿದರೆ ಹಣ್ಣು ಹಾಳಾಗುತ್ತದೆ, ಅದೂ ಹೊರಗೆ ಗೊತ್ತಾಗದಂತೆ.

ತೊಂದರೆ ಇರುವುದು ಚೀಲದ ಆಳದಲ್ಲಿ. ಈ ಹಣ್ಣು 20 ಸೆಂ.ಮೀ. ಎತ್ತರದಿಂದ ಗಟ್ಟಿ ಜಾಗಕ್ಕೆ ಬಿದ್ದರೂ ಸಿಪ್ಪೆಗೆ ಪೆಟ್ಟಾಗುತ್ತದೆ. ಪೆಟ್ಟಾದಲ್ಲಿ ಲಿಗ್ನಿನ್ (ಮರಕ್ಕೆ ಗಡಸುತನ ಕೊಡುವ ವಸ್ತು) ಕಟ್ಟಿಕೊಂಡು ಸಿಪ್ಪೆ ಮರದಂತೆ ಗಡುಸಾಗುತ್ತದೆ. ಅಂಗೈಗಳ ನಡುವೆ ಒತ್ತಿದರೆ ಬಿಚ್ಚಿಕೊಳ್ಳಬೇಕಾದ ಹಣ್ಣಿಗೆ ಆಮೇಲೆ ಚಾಕುವೂ ಇಳಿಯದು. ಚೀಲ ಮೊಳದುದ್ದ ಇದ್ದರೆ ಮೊದಲ ಹಣ್ಣು ಮೆತ್ತಗೆ ಇಳಿದೀತು, ಎರಡನೆಯದು ಅದರ ಮೇಲೆಯೇ ಬಡಿಯುತ್ತದೆ. ಹಾಗಾಗಿ ಕೊಂಡ ದಿನವೇ ಚೀಲದ ತಳಕ್ಕೆ ಗಂಟು ಹಾಕಿ ಆಳವನ್ನು 15 ಸೆಂ.ಮೀ. ಆಸುಪಾಸಿಗೆ ಇಳಿಸಿ, ಒಳಗೊಂದು ಸ್ಪಂಜಿನ ತುಂಡು ಹೊಲಿಯಿರಿ. ಎರಡು ಮೂರು ಹಣ್ಣಾದೊಡನೆ ದೋಟಿ ಇಳಿಸಿ, ಕೈಯಿಂದ ಎತ್ತಿ ಟ್ರೇಗೆ ಇಡಿ. ಸುರಿಯಲೇಬಾರದು. ಗೋಣಿಚೀಲವಂತೂ ಬೇಡವೇ ಬೇಡ.

ಬಳೆಯ ಹಲ್ಲಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ. ಹಲ್ಲು ಗೀರಿದರೆ ಹಳದಿ ಮೇಣ ಒಸರಿ ಸಿಪ್ಪೆಯ ಮೇಲೆ ಕಲೆ ಉಳಿಯುತ್ತದೆ. ತೊಟ್ಟನ್ನು ಎರಡು ಹಲ್ಲುಗಳ ಸಂದಿಗೆ ಸಿಕ್ಕಿಸಿ ತಿರುಚಬೇಕು. ಜಗ್ಗಿದರೆ ಹಣ್ಣಿನ ತಲೆಯ ಮೇಲಿನ ಹಸಿರು ದಳಗಳು ಕಿತ್ತುಬರುತ್ತವೆ. ಅವು ಹಸಿರಾಗಿ, ಪೂರ್ತಿಯಾಗಿ ಇದ್ದರೇನೇ ಹಣ್ಣು ತಾಜಾ ಎಂದು ಕೊಳ್ಳುವವರು ನಂಬುವುದು.

ದೋಟಿಯ ಉದ್ದಕ್ಕೆ ಮರುಳಾಗಬೇಡಿ. ಮ್ಯಾಂಗೋಸ್ಟೀನ್ ಮರ ಬುಡದಿಂದಲೇ ದಟ್ಟವಾಗಿ ಕವಲೊಡೆಯುತ್ತದೆ. ಉದ್ದದ ದೋಟಿ ಗೆಲ್ಲುಗಳ ನಡುವೆ ಸಿಕ್ಕಿಕೊಂಡು ಬಳುಕುತ್ತದೆ, ತುದಿ ಹಿಡಿತಕ್ಕೆ ಬರುವುದಿಲ್ಲ, ಪಕ್ಕದ ಎಳೆಗಾಯಿಗಳೂ ಉದುರುತ್ತವೆ. ಎರಡು ಹಂತದ, 3 ಮೀಟರಿನದು ಸಾಕು. ಅದಕ್ಕೂ ಮೇಲಿನದಕ್ಕೆ ಏಣಿ ಹಾಕಿ. ಎಲ್ಲ ಹಣ್ಣೂ ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಮರ ನೋಡಬೇಕು. ದೂರದ ಪೇಟೆಗಾದರೆ ಕೆಂಪಡರಿದಾಗ, ಮನೆಗಾದರೆ ಕಡುನೇರಳೆಯಾದಾಗ ಕೊಯ್ಯಿರಿ. ಗುಲಾಬಿ ಚುಕ್ಕೆಯೂ ಮೂಡದ ಹಣ್ಣನ್ನು ಕೊಯ್ದರೆ ಪೂರ್ತಿ ರುಚಿ ಬರುವುದೇ ಇಲ್ಲ.

ಕರಾವಳಿಯಲ್ಲಿ ಈ ಕೊಯ್ಲು ಮಳೆಗಾಲದೊಳಕ್ಕೂ ಚಾಚುವುದರಿಂದ ಹಿಡಿಕೆಗೆ ರಬ್ಬರ್ ಇರುವುದನ್ನೇ ಆರಿಸಿ. ಕರೆಂಟು ತಂತಿಯ ಹತ್ತಿರದ ಮರಕ್ಕೆ ಈ ದೋಟಿ ಹಚ್ಚಲೇಬೇಡಿ. ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ, ಅದು ಸುರಕ್ಷಿತ ಎಂದುಕೊಳ್ಳುವುದು ತಪ್ಪು. ಅದರ ಹಗುರತನ ಲಾಭಕ್ಕೆ ಬರುವುದು ಎತ್ತರದ ಅಡಿಕೆ ಮರಕ್ಕೆ. ಬರೀ ಮ್ಯಾಂಗೋಸ್ಟೀನಿಗಾಗಿ ಅಷ್ಟು ದುಡ್ಡು ಹಾಕುವ ಅಗತ್ಯವಿಲ್ಲ.