ಸಿಲಿಮರಿನ್ ಮಾತ್ರೆ: ಎರಡು ವರ್ಷ ತೆಗೆದುಕೊಂಡ ಅನುಭವ

ಎರಡು ವರ್ಷದ ಹಿಂದೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಗ್ರೇಡ್ 2 ಅಂತ ಬಂತು. ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) 88 ಇತ್ತು. ಕುಡಿಯುವ ಅಭ್ಯಾಸ ಇಲ್ಲದ ನನಗೆ ತುಂಬಾ ಗಾಬರಿಯಾಯಿತು. ಡಾಕ್ಟರು ಮೊದಲು ತೂಕ ಇಳಿಸಿ ಅಂದರು. ಜೊತೆಗೆ ಸಿಲಿಮರಿನ್ 140 ಮಿಲಿಗ್ರಾಂ, ದಿನಕ್ಕೆ ಮೂರು ಸಲ ಅಂತ ಬರೆದುಕೊಟ್ಟರು. ನಾನು ತೂಕದ ಮಾತು ಮರೆತು ಮಾತ್ರೆಯನ್ನಷ್ಟೇ ನಂಬಿದೆ.

ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಎಸ್‌ಜಿಪಿಟಿ 81. ಆಮೇಲೆ ಬೆಳಿಗ್ಗೆ ಒಂದು ಗಂಟೆ ನಡೆಯಲು ಶುರು ಮಾಡಿದೆ. ಸಂಜೆಯ ಬೇಕರಿ ತಿಂಡಿ ಬಿಟ್ಟೆ, ರಾತ್ರಿಯ ಅನ್ನ ಅರ್ಧ ಮಾಡಿದೆ. 8 ಕೆಜಿ ಇಳಿಯುವ ಹೊತ್ತಿಗೆ ಎಸ್‌ಜಿಪಿಟಿ 39ಕ್ಕೆ ಬಂತು. ಮಾತ್ರೆ ಅದೇ, ಡೋಸೂ ಅದೇ. ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಮಾತ್ರೆಗೆ ಕೊಡಲು ನನಗೆ ಮನಸ್ಸಿಲ್ಲ.

ಇದು ಮಿಲ್ಕ್ ಥಿಸಲ್ ಎಂಬ ಮುಳ್ಳು ಗಿಡದ ಬೀಜದ ಸಾರ. ಮೆಡಿಟರೇನಿಯನ್ ಕಡೆಯ ಗಿಡ, ನೇರಳೆ ಹೂವು, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಗೆರೆ. ಸಿಲಿಮರಿನ್ ಅಂದರೆ ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣ. ಅದರಲ್ಲಿ ಮುಖ್ಯವಾದದ್ದು ಸಿಲಿಬಿನಿನ್. ಯುರೋಪಿನಲ್ಲಿ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ತಿಂದವರಿಗೆ ಆಸ್ಪತ್ರೆಯಲ್ಲಿ ಇದನ್ನೇ ರಕ್ತನಾಳಕ್ಕೆ ಕೊಡುತ್ತಾರೆ. ವಿಷ ಲಿವರ್ ಕೋಶದೊಳಗೆ ನುಗ್ಗುವ ದಾರಿಯನ್ನು ಇದು ತಡೆಯುತ್ತದೆ. ಓದಿದಾಗ ನಿಜಕ್ಕೂ ಬೆರಗಾದೆ. ಆದರೆ ನಾವು ನುಂಗುವ ಮಾತ್ರೆಯ ಕಥೆ ಬೇರೆ. ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಸ್ವಲ್ಪವೇ. 2012ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ 154 ಹೆಪಟೈಟಿಸ್ ಸಿ ರೋಗಿಗಳಿಗೆ 24 ವಾರ ಕೊಟ್ಟು ನೋಡಿದರು. ಡೋಸ್ ಜಾಸ್ತಿ ಮಾಡಿದರೂ ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ನೀರಿನಲ್ಲಿ ಸರಿಯಾಗಿ ಕರಗದ ಕಾರಣಕ್ಕೇ ಬೀಜದ ಕಷಾಯ ಮಾಡಿ ಕುಡಿದರೆ ಸಿಲಿಮರಿನ್ ಸಿಗುವುದು ಕಡಿಮೆ. ನಾನು ಒಂದು ತಿಂಗಳು ಸುಮ್ನೆ ಕುದಿಸಿ ಕುಡಿದೆ!

ಕೊಳ್ಳುವಾಗ ಒಂದು ಮಾತು ನೆನಪಿರಲಿ. ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿಯ ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತಿತ್ತು. ಹಿಂದೆ ತಿರುಗಿಸಿ ನೋಡಿದರೆ ಅದು ಬರೀ ಬೀಜದ ಪುಡಿಯ ತೂಕ, ಸಿಲಿಮರಿನ್ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ನಮಗೆ ಬೇಕಾದ ಲೆಕ್ಕವೇ ಅದು, ಅಲ್ವಾ? ಒಳ್ಳೆಯ ಸಾರದಲ್ಲಿ ಶೇ. 70ರಿಂದ 80ರಷ್ಟು ಸಿಲಿಮರಿನ್ ಇರುತ್ತದೆ, ಅದನ್ನು ಲೇಬಲ್ಲಿನಲ್ಲೇ ಹಾಕಿರುತ್ತಾರೆ.

ತೊಂದರೆ ಅಂದರೆ ಮೊದಲ ವಾರ ಹೊಟ್ಟೆ ಸ್ವಲ್ಪ ಸಡಿಲವಾಯಿತು, ಊಟದ ನಂತರ ತೆಗೆದುಕೊಂಡಾಗ ಸರಿಹೋಯಿತು. ಈಗ ಡಾಕ್ಟರು ಮಾತ್ರೆ ನಿಲ್ಲಿಸಿ ಮೂರು ತಿಂಗಳು ನೋಡೋಣ ಅಂದಿದ್ದಾರೆ. ಉಳಿದ ಎರಡು ಸ್ಟ್ರಿಪ್ಪನ್ನು ಅಕ್ಕ ಕೇಳಿದಳು, ನಾನು ಕೊಡಲಿಲ್ಲ. ಈ ಗಿಡ ಸೇವಂತಿಗೆಯ ಕುಟುಂಬದ್ದು. ಅವಳಿಗೆ ಸೇವಂತಿಗೆ ಮುಡಿದರೆ ಸಾಕು, ಕುತ್ತಿಗೆಯೆಲ್ಲ ದದ್ದು ಏಳುತ್ತದೆ.