ಎಂಜಿನ್ ಬಿಚ್ಚೋ ಆಟ: ಯಾವುದು ತಗೋಬೇಕು?

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಗ್ಯಾರೇಜಿನಲ್ಲಿ ಎಂಜಿನ್ ಇಳಿಸೋದನ್ನ ನಿಂತು ನೋಡಿದವರಿಗೆ ಎಂಜಿನ್ ಬಿಚ್ಚಿ ಜೋಡಿಸೋ ಈ ಕಂಪ್ಯೂಟರ್ ಆಟಗಳ ರುಚಿ ಬೇಗ ಹತ್ತುತ್ತೆ. ಬೇಜಾರೂ ಅಷ್ಟೇ ಬೇಗ.

ಪೋಲೆಂಡಿನ ‘ಕಾರ್ ಮೆಕ್ಯಾನಿಕ್ ಸಿಮ್ಯುಲೇಟರ್ 2021’ರಲ್ಲಿ ಕೈಗೆ ಗ್ರೀಸ್ ಹತ್ತಲ್ಲ. ಬೋಲ್ಟ್ ಮೇಲೆ ಮೌಸ್ ಒತ್ತಿ ಹಿಡಿದರೆ ಸಾಕು, ಅದೇ ಬಿಚ್ಚಿಕೊಳ್ಳುತ್ತೆ. ತೊಂದರೆ ಇರೋದು ಎಣಿಕೆಯಲ್ಲಿ. ವಿ8 ಎಂಜಿನ್ ಅಂದರೆ 8 ಪಿಸ್ಟನ್, ಒಂದೊಂದಕ್ಕೂ ಅದನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡಿನ ಕ್ಯಾಪ್, ಅದಕ್ಕೆ ಬೇರೆ ಬೋಲ್ಟು. ಮೂರನೇ ಎಂಜಿನ್ನಿಗೆ ನನಗೆ ಆಕಳಿಕೆ ಬಂತು. ಹಾಗಾಗಿ ಆಡ್ತಾ ಆಡ್ತಾ ಸಿಗೋ ಮೊದಲ ಸ್ಕಿಲ್ ಪಾಯಿಂಟುಗಳನ್ನ ಬೋಲ್ಟ್ ಬೇಗ ಬಿಚ್ಚೋದಕ್ಕೇ ಸುರಿಯಿರಿ. ಕ್ರೇನ್ ಹಾಕಿ ಎಂಜಿನ್ ಹೊರಗೆ ತೆಗೆದು ಸ್ಟ್ಯಾಂಡಿಗೆ ಕೂರಿಸಿಕೊಂಡರೆ ಕಾರಿನಡಿ ಇಣುಕೋ ಕಷ್ಟವೂ ತಪ್ಪುತ್ತೆ.

ಫಿನ್‌ಲ್ಯಾಂಡಿನ ‘ಮೈ ಸಮ್ಮರ್ ಕಾರ್’ ಬೇರೆಯೇ ಜಾತಿ. 1995ರ ಹಳ್ಳಿ, ಬಿಡಿಬಿಡಿಯಾಗಿ ಬಿದ್ದಿರೋ ಒಂದೇ ಕಾರು. ಯಾವ ಬೋಲ್ಟಿಗೆ ಯಾವ ಅಳತೆಯ ಸ್ಪ್ಯಾನರ್ ಅಂತ ನೀವೇ ಹುಡುಕಬೇಕು. ಒಂದು ಬೋಲ್ಟ್ ಸಡಿಲ ಬಿಟ್ಟರೆ ಆಟ ಬಾಯಿ ಬಿಡಲ್ಲ. ರಸ್ತೆ ಮಧ್ಯೆ ಕಾರೇ ಹೇಳುತ್ತೆ. ಗಾಳಿ-ಪೆಟ್ರೋಲ್ ಬೆರೆಸೋ ಕಾರ್ಬ್ಯುರೇಟರ್, ವಾಲ್ವ್, ಸ್ಪಾರ್ಕ್ ಹಂಚೋ ಡಿಸ್ಟ್ರಿಬ್ಯೂಟರ್ ಎಲ್ಲವನ್ನೂ ಕೈಯಾರೆ ಹೊಂದಿಸಬೇಕು. ನಡುವೆ ಆಟದೊಳಗಿನ ನಿಮ್ಮ ಪಾತ್ರದ ಹಸಿವು, ಬಾಯಾರಿಕೆ ಬೇರೆ.

ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡೋರಿಗೆ ಮೊದಲನೆಯದು. ನನ್ನ ಆಯ್ಕೆ ಎರಡನೆಯದು: ಅಲ್ಲಿ ಪೂರ್ತಿ ಒಂದು ಭಾನುವಾರ ಹೋಯಿತು, ಆದರೆ ಎಂಜಿನ್ ಗುರ್ ಅಂದಾಗ ಮನೆಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿಬಿಟ್ಟೆ.